ಹೊಳೆಯಾಚೆಯ ಎಮ್ಮೆಗೊಂದು ಸಹಿ

ಜೇವರ್ಗಿ

ಸಹಿಗಳೇ ನನ್ನ ಅನ್ನ. ಜೇವರ್ಗಿ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. 'ಈ ಸಹಿ ನಿಮ್ಮದೇ ಹೌದಲ್ರಿ?' ಎಂದು ಕಟಕಟೆಯಲ್ಲಿ ನಿಂತವರನ್ನು ಕೇಳಿ ಕೇಳಿ ಅರ್ಧ ಆಯುಷ್ಯ ಮುಗಿದಿದೆ. ಅಂಥವಳು ಮನೆಗೆ ಬಂದ ಮೇಲೂ ಸಹಿಗಳನ್ನೇ ಹುಡುಕುತ್ತ ಕೂರುತ್ತಾಳೆಂದರೆ ಜನ ನಗದೆ ಏನು ಮಾಡಿಯಾರು? ನನಗಿರುವುದು ಅದೊಂದೇ ಚಟ. ಹಳೆಯ ಮಕ್ಕಳ ಪುಸ್ತಕಗಳನ್ನು, ಅದೂ ಬರೆದವರೋ ಚಿತ್ರ ಬಿಡಿಸಿದವರೋ ತಮ್ಮ ಕೈಯಾರೆ ಸಹಿ ಹಾಕಿದ ಪ್ರತಿಗಳನ್ನು ಕೂಡಿಹಾಕುತ್ತೇನೆ. ಕಾನೂನಿನ ದಪ್ಪ ಪುಸ್ತಕಗಳ ಪಕ್ಕದ ಗಾಜಿನ ಕಪಾಟಿನಲ್ಲಿ ಮೊಲ, ಆನೆ, ಕಳ್ಳಬೆಕ್ಕು ಎಲ್ಲ ಸಾಲಾಗಿ ನಿಂತಿವೆ. ಇಜೇರಿಯಿಂದ ಹೊಲದ ತಕರಾರು ಹೊತ್ತು ಬಂದ ಕಕ್ಷಿದಾರರು ಅವುಗಳನ್ನು ನೋಡಿ, "ಮೊಮ್ಮಕ್ಕಳವೇನ್ರಿ ಮೇಡಂ?" ಎಂದು ಕೇಳುತ್ತಾರೆ. ಮಕ್ಕಳೇ ಇಲ್ಲದವಳಿಗೆ ಮೊಮ್ಮಕ್ಕಳೆಲ್ಲಿಂದ ಬರಬೇಕು? "ನನ್ನವೇರಿ" ಎಂದರೆ ಅವರು ಲಗುಬಗೆಯಿಂದ ಹೊಲದ ಕಾಗದ ಬಿಚ್ಚುತ್ತಾರೆ.

ಆ ಕಪಾಟಿನಲ್ಲಿ ಸಹಿಯಿಲ್ಲದ ಪುಸ್ತಕ ಒಂದೇ ಒಂದಿತ್ತು. ಈ ಚಟ ಹತ್ತಿದ್ದೇ ಅದರಿಂದ. ಹೆಸರು 'ಹೊಳೆಯಾಚೆಯ ಎಮ್ಮೆ'. ರಷ್ಯಾದಲ್ಲಿ ಕನ್ನಡದಲ್ಲೇ ಅಚ್ಚಾಗಿ ಬರುತ್ತಿದ್ದ ಪುಸ್ತಕಗಳ ವ್ಯಾನು ಆಳಂದಕ್ಕೆ ಬಂದಾಗ ಅಪ್ಪನ ತಮ್ಮನಾದ ನನ್ನ ಕಾಕಾ ಅದನ್ನು ಕೊಂಡು ನಿಂಬರ್ಗಾಕ್ಕೆ ತಂದಿದ್ದರು. ಹಾಳೆಗೊಂದು ಚಿತ್ರ, ಕೆಳಗೆ ಒಂದೆರಡು ಸಾಲು. ನಾನಿನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಯಾರೂ ಓದುವ ಮೊದಲೇ ಮನೆಯ ಆಕಳ ಕರು ಪುಸ್ತಕದ ರುಚಿ ನೋಡಿತು. ರಟ್ಟು, ಹೆಸರಿದ್ದ ಮೊದಲ ಹಾಳೆ, ಪುಟದ ಅಂಕಿ ಇದ್ದ ಕೆಳಗಿನ ಮೂಲೆಗಳು ಎಲ್ಲವೂ ಅದರ ಹೊಟ್ಟೆ ಸೇರಿದವು. ಉಳಿದ ಹಾಳೆಗಳು ಅಂಗಳದ ತುಂಬ ಹರಡಿ ಬಿದ್ದವು.

ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅವನ್ನೆಲ್ಲ ಆರಿಸಿ ತಂದು ಕೂತಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿಯೂ ಬರುತ್ತಿರಲಿಲ್ಲ. ಆದರೆ ಆಕೆ ಹೊಲಿದ ಕೌದಿ ಹೊದ್ದವರು ಇವತ್ತಿಗೂ ಆಕೆಯನ್ನು ನೆನೆಯುತ್ತಾರೆ. ಚಿತ್ರಗಳನ್ನು ನೋಡಿ ನೋಡಿ ಹಾಳೆ ಜೋಡಿಸಿದಳು. ಹಳೆ ಸೀರೆ ತುಂಡುಗಳ ಹೊದಿಕೆ ಹಾಕಿ, ದಬ್ಬಣ ಹಿಡಿದು, ಕೌದಿಗೆ ಹಾಕುವ ಹೊಲಿಗೆಯನ್ನೇ ಹಾಕಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ನಾಲ್ಕು ಕಾಳು ಜೋಳ ಇಟ್ಟಳು. ಕೌದಿಗೂ ಹಾಗೇ ಇಡುತ್ತಿದ್ದಳು.

"ಹಸದ ಕೌದಿ ಹೊತ್ಕೊಂಡ್ರ ನಿದ್ದಿ ಬರಂಗಿಲ್ಲಬೇ," ಎನ್ನುತ್ತಿದ್ದಳು. "ಬುಕ್ಕಿಗೂ ಹೊಟ್ಟಿ ಇರತದ."

ನಾನು ಓದಲು ಕಲಿತದ್ದು ಆ ಪುಸ್ತಕದಲ್ಲೇ. ಸಂಜೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಆಯಿ ಜೋಳ ಹಸನು ಮಾಡುತ್ತ ಸಾಲಿಗೊಂದು ಸಲ 'ಹೂಂ' ಎನ್ನುತ್ತಿದ್ದಳು. ನಮ್ಮ ಕಡೆ ಕಥೆ ಕೇಳುವವರು ಹೂಂ ಎನ್ನಲೇಬೇಕು, ಇಲ್ಲದಿದ್ದರೆ ಹೇಳುವವರು ಬಾಯಿ ಮುಚ್ಚುತ್ತಾರೆ. ಆಯಿ ಹೊಲಿದ ಪುಸ್ತಕದ ಮೊದಲ ಹಾಳೆಯಲ್ಲಿ ನೀನಾ ಎಂಬ ಹುಡುಗಿ ಹೊಳೆಯ ಈಚೆ ದಡದಲ್ಲಿ, ಅವಳ ಎಮ್ಮೆ ಆಚೆ ದಡದಲ್ಲಿ. ಕೊನೆಯ ಹಾಳೆಯಲ್ಲಿ ಕೊಟ್ಟಿಗೆಯಲ್ಲಿ ದೀಪ ಹಚ್ಚಿದೆ, ನೀನಾ ಎಮ್ಮೆಯ ಕೊರಳು ತಬ್ಬಿದ್ದಾಳೆ. ನಡುವೆ ಎಲ್ಲಿ ನಿಲ್ಲಿಸಿ "ಎಮ್ಮಿ ಬರ್ತದೇನ ಆಯಿ?" ಎಂದು ಕೇಳಿದರೂ ಒಂದೇ ಉತ್ತರ: "ದೀಪ ಹಚ್ಚೂ ಹೊತ್ತಿಗಿ ಬರ್ತದಬೇ." ನನ್ನ ಅವ್ವ ನಾನು ತೀರ ಸಣ್ಣವಳಿದ್ದಾಗಲೇ ತೀರಿಹೋಗಿದ್ದಳು. ಒಂದು ಸಂಜೆ "ಅವ್ವನೂ ಬರ್ತಾಳೇನ?" ಎಂದು ಕೇಳಿದ್ದೆ. ಆಯಿ ಮೊರ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡು, "ಮುಂದ ಓದು," ಎಂದಳು.

ಆಯಿ ಹೋಗಿ ಬಹಳ ವರ್ಷಗಳಾದವು. ಹೆಬ್ಬೆಟ್ಟು ಒತ್ತುವ ಹೆಣ್ಣುಮಗಳು, ತನ್ನದು ಎಂದು ಒಂದು ಸಹಿಯನ್ನೂ ಬಿಟ್ಟು ಹೋಗಲಿಲ್ಲ. ಈ ಪುಸ್ತಕ ಒಂದಿದೆ. ಇದರ ಮೇಲೆ ಇದನ್ನು ಬರೆದವರ ಕೈಗುರುತು ಬಿದ್ದರೆ ಆಯಿಯ ಕೈ ಮತ್ತು ಅವರ ಕೈ ಒಂದೇ ಕಡೆ ಕೂಡುತ್ತವೆ ಎಂಬ ಆಸೆ ನನ್ನಲ್ಲಿ ಬೇರೂರಿಬಿಟ್ಟಿತ್ತು. ಬೇರೆ ಪ್ರತಿಯ ಮೇಲೆ ಅಲ್ಲ, ಇದರ ಮೇಲೆಯೇ. ಪುಸ್ತಕ ಸಂಗ್ರಾಹಕರ ಗುಂಪಿನಲ್ಲಿ ನಾನು ಹಾಕಿದ ಇದರ ಒಂದು ಚಿತ್ರವನ್ನು ಯಾರೋ ಗುರುತಿಸಿದರು. ಬರೆದು ಚಿತ್ರ ಬಿಡಿಸಿದ್ದು ಲಮಾರಾ ಎಂಬ ಹೆಣ್ಣುಮಗಳು, ಆಗ ರಷ್ಯಾದ ಜೊತೆಗೇ ಇದ್ದ ಜಾರ್ಜಿಯಾ ದೇಶದವರು, ತುಂಬ ವಯಸ್ಸಾಗಿದೆ, ಸೋದರಸೊಸೆ ಎಕಾಳ ಜೊತೆ ತೆಲಾವಿ ಊರಿನ ಹತ್ತಿರ ಇರುತ್ತಾರೆ. ಎಕಾಳಿಗೆ ಬರೆದೆ. 'ಬೇಗ ಬನ್ನಿ' ಎಂಬ ಎರಡೇ ಮಾತಿನ ಉತ್ತರ ಬಂತು.

"ನಾನೂ ಬರ್ತೇನಿ," ಎಂದರು ಕಾಕಾ. ಆಳಂದದಲ್ಲಿ ತೊಗರಿ ವ್ಯಾಪಾರ ಮಾಡಿದವರು, ಈಗ ಅಂಗಡಿ ಮಗನಿಗೆ ಬಿಟ್ಟಿದ್ದಾರೆ. "ಬುಕ್ಕ ತಂದಾಂವ ನಾನು. ಸಹಿ ಹಾಕಸೂ ಮುಂದ ಮನ್ಯಾಗ ಕೂಡ್ಲೇನು?"

ತಿಬಿಲಿಸಿ, ವಿಮಾನ ನಿಲ್ದಾಣ

ಜಾರ್ಜಿಯಾದ ರಾಜಧಾನಿಯಲ್ಲಿ ಇಳಿದ ಕೂಡಲೇ ಎಡವಟ್ಟು. ನನ್ನ ಕೈಚೀಲವನ್ನು ತಪಾಸಣೆಯವನು ಪಕ್ಕಕ್ಕೆ ಎಳೆದ. ಮೊದಲು ಸಿಕ್ಕಿದ್ದು ಸ್ಟಾಂಪ್ ಪ್ಯಾಡು. ಕಕ್ಷಿದಾರರ ಹೆಬ್ಬೆಟ್ಟು ಒತ್ತಿಸಲು ಯಾವಾಗಲೂ ಚೀಲದಲ್ಲಿ ಬಿದ್ದಿರುತ್ತದೆ, ತೆಗೆಯಲು ಮರೆತಿದ್ದೆ. ಅದನ್ನು ತೆರೆದು ಮೂಸಿ ನೋಡಿ ಬೆರಳಿಗೆ ನೇರಳೆ ಬಣ್ಣ ಹಚ್ಚಿಕೊಂಡ. ಆಮೇಲೆ ಪುಸ್ತಕ ಹಿಡಿದ. ಬಟ್ಟೆಯ ಮೂಲೆಯನ್ನು ಒತ್ತಿದ, ಮತ್ತೆ ಒತ್ತಿದ. ಒಳಗೆ ಏನೋ ಗಟ್ಟಿಯಾಗಿದೆ. ಮುಖ ಗಂಭೀರವಾಯಿತು. ಮೇಜಿನ ಖಾನೆಯಿಂದ ಕತ್ತರಿ ತೆಗೆದ.

ಕೋರ್ಟಿನಲ್ಲಿ ಎಂಥೆಂಥ ಸಾಹೇಬರ ಮುಂದೆ ಪಟಪಟ ವಾದ ಮಾಡುವವಳಿಗೆ ಅಲ್ಲಿ ಒಂದು ಇಂಗ್ಲಿಷ್ ಶಬ್ದವೂ ಬರಲಿಲ್ಲ. ಪುಸ್ತಕದ ಮೇಲೆ ಎರಡೂ ಕೈ ಇಟ್ಟು ನಿಂತುಬಿಟ್ಟೆ. ಕಾಕಾ ಮುಂದೆ ಬಂದರು.

"ಜ್ವಾಳ್ರೀ ಸಾಹೇಬ್ರ, ಬರೇ ಜ್ವಾಳ! ತಿನ್ನೂದು!" ಎಂದು ಬಾಯಿಗೆ ಕೈ ಒಯ್ದು ತೋರಿಸಿದರು. ಅವನಿಗೆ ಅದರಿಂದ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆಗ ಕಾಕಾ ತಮ್ಮ ಚೀಲ ಬಿಚ್ಚಿ ಖಡಕ್ ರೊಟ್ಟಿಯ ಗಂಟು ತೆಗೆದು, ಒಂದನ್ನು ಮುರಿದು ತಾವು ತಿಂದು, ಇನ್ನೊಂದು ತುಂಡನ್ನು ಅವನಿಗೆ ಚಾಚಿದರು. ಅವನು ಆಚೀಚೆ ನೋಡಿ ಕಡಿದ. ಕಟಂ ಎಂದು ಸದ್ದಾಯಿತು. ಅಷ್ಟರಲ್ಲಿ ನನ್ನ ಇಂಗ್ಲಿಷ್ ತಿರುಗಿ ಬಂದಿತ್ತು. ನಮ್ಮಜ್ಜಿ ಹೊಲಿದದ್ದು, ಪುಸ್ತಕ ಹಸಿದಿರಬಾರದೆಂದು ಇದೇ ಕಾಳು ಒಳಗೆ ಇಟ್ಟಿದ್ದಾಳೆ ಎಂದು ಹೇಳಿದೆ. ಅವನು ಅಗಿಯುತ್ತಲೇ ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಕತ್ತರಿ ಖಾನೆಗೆ ಹೋಯಿತು. ಕೈಯಿಂದ 'ಹೋಗಿ' ಎಂದು ತೋರಿಸಿ, ಉಳಿದ ರೊಟ್ಟಿಯನ್ನು ಕಿಸೆಗೆ ಹಾಕಿಕೊಂಡ.

"ಪಾಪ, ಶೇಂಗಾ ಹಿಂಡಿ ಇಲ್ಲದ ರೊಟ್ಟಿ ತಿಂದ," ಎಂದು ಕಾಕಾ ಊರೊಳಗೆ ಹೋಗುವ ತನಕ ಮರುಗಿದರು.

ಒಣ ಸೇತುವೆ

ತಿಬಿಲಿಸಿಯಲ್ಲಿ ಒಣ ಸೇತುವೆ ಎಂಬ ಜಾಗವಿದೆ. ಹಳೆಯ ಸಾಮಾನು ಮಾರುವ ಸಂತೆ ಅಲ್ಲಿ. ನೆಲದ ಮೇಲೆ ಚಾದರ ಹಾಸಿ ಪಿಂಗಾಣಿ ಬಟ್ಟಲು, ನಿಂತುಹೋದ ಗಡಿಯಾರ, ಸಿಪಾಯಿಗಳ ಪದಕ, ಯಾರದೋ ಮದುವೆಯ ಫೋಟೋಗಳನ್ನು ಇಟ್ಟುಕೊಂಡು ಕೂತಿರುತ್ತಾರೆ. ನಮ್ಮ ಸಂತೆಗೂ ಇದಕ್ಕೂ ಇರುವ ಭೇದವೆಂದರೆ ಇಲ್ಲಿ ಯಾರೂ ಕೂಗುವುದಿಲ್ಲ.

"ಇವ್ರು ಮಾರಾಕ ಬಂದಾರೊ, ಬಿಸಲಿಗಿ ಕುಂತಾರೊ?" ಕಾಕಾ ಕೇಳಿದರು. "ಒಬ್ರೂ ಬರ್ರೀ ಅನ್ನವಲ್ರಲ್ಲ."

ನಿಜ. ನೀವು ಬಟ್ಟಲು ಎತ್ತಿ ತಿರುಗಿಸಿ ನೋಡಿದರೂ ಮಾರುವ ಮುದುಕಿ ತಲೆ ಎತ್ತುವುದಿಲ್ಲ. ಅವರ ಮನೆಯ ಸಾಮಾನೇ ಇರಬೇಕು ಅವು. ಕೊಂಡುಕೊಂಡರೆ ದುಃಖ, ಕೊಳ್ಳದಿದ್ದರೆ ಹೊಟ್ಟೆಗಿಲ್ಲ ಎಂಬಂಥ ಮುಖಗಳು. ನನಗೆ ಏಕೋ ಅಲ್ಲಿ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಪುಸ್ತಕಗಳು ಒಂದು ಗೋಡೆಯ ಪಕ್ಕ ಇದ್ದವು. ಮಾರುವ ಹೆಂಗಸು ಪದಬಂಧ ತುಂಬುತ್ತ ಕೂತಿದ್ದಳು. ಮಕ್ಕಳ ಪುಸ್ತಕಗಳ ರಾಶಿಯಲ್ಲಿ ಕೈಯಾಡಿಸುತ್ತಿದ್ದೆ, ಬೆರಳು ಒಂದರ ಮೇಲೆ ನಿಂತಿತು. ರಟ್ಟಿನ ಮೇಲೆ ಎಮ್ಮೆ. ನಮ್ಮ ಕರು ತಿಂದ ರಟ್ಟನ್ನು ನಾನು ಮೊದಲ ಸಲ ಪೂರ್ತಿಯಾಗಿ ನೋಡಿದೆ. ಅಕ್ಷರಗಳು ಜಾರ್ಜಿಯನ್, ಒಂದೂ ಓದಲು ಬಾರದು. ಆದರೆ ಚಿತ್ರಗಳು ನನ್ನವೇ. ಖುಷಿಯಿಂದ ತೆರೆದೆ.

ಮೊದಲ ಪುಟದಲ್ಲಿ ಕೊಟ್ಟಿಗೆ. ದೀಪ ಹಚ್ಚಿದೆ. ನೀನಾ ಎಮ್ಮೆಯ ಕೊರಳು ತಬ್ಬಿದ್ದಾಳೆ.

ತಪ್ಪಾಗಿ ಹೊಲಿದಿದ್ದಾರೆ ಎಂದುಕೊಂಡೆ. ನಿಧಾನವಾಗಿ ಒಂದೊಂದೇ ಪುಟ ತಿರುವಿದೆ. ಅಂಕಿಗಳು ಸರಿಯಾಗಿ ಒಂದರ ಹಿಂದೊಂದು ಇದ್ದವು. ಕೊನೆಯ ಪುಟದಲ್ಲಿ ತುಂಬಿದ ಹೊಳೆ, ಈಚೆ ದಡದಲ್ಲಿ ನೀನಾ, ಆಚೆ ದಡದಲ್ಲಿ ಎಮ್ಮೆ. ಅದರ ಮುಂದೆ ಏನೂ ಇಲ್ಲ.

ಕಾಕಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ತಡಿ ತಡಿ. ನಮ್ಮ ಬುಕ್ಕಿನ್ಯಾಗ ಇದು ಮೊದಲ ಅದಲ್ಲ?"

"ಹೌದು ಕಾಕಾ."

"ಹಂಗಾರ ಎಮ್ಮಿ ಬರಂಗಿಲ್ಲೇನು?"

"ಬರಂಗಿಲ್ಲ."

ಪುಸ್ತಕ ಕೊಂಡು ಹತ್ತಿರದ ಬೆಂಚಿನ ಮೇಲೆ ಕೂತೆವು. ಎಷ್ಟು ಸಾಕ್ಷಿಗಳ ಸುಳ್ಳನ್ನು ಹಿಡಿದವಳು ನಾನು, ಇದನ್ನು ಇಷ್ಟು ವರ್ಷ ಹಿಡಿಯಲಿಲ್ಲ. ಹಿಡಿಯುವ ಮನಸ್ಸೇ ಇರಲಿಲ್ಲವೇನೋ. ಅವ್ವ ಸತ್ತಳೆಂದು ನನಗೆ ಸಣ್ಣಂದಿನಲ್ಲಿ ಯಾರೂ ಕೂರಿಸಿ ಹೇಳಿರಲಿಲ್ಲ. ಈ ಬೆಂಚಿನ ಮೇಲೆ ಯಾರೋ ಬಂದು ಹೇಳಿದ ಹಾಗಾಯಿತು.

"ಕಾಕಾ, ಆಯಿಗಿ ನೀವು ಈ ಕಥಿ ಓದಿ ಹೇಳಿದ್ರೇನು?"

"ನಾ ಎಲ್ಲಿ ಓದಿದ್ನಬೇ? ಚಿತ್ರ ಛಂದ ಅದಾವಂತ ತಂದಿದ್ದೆ." ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು. "ನಮ್ಮವ್ವ ಮಣ್ಣೂರಾಕಿ, ಭೀಮಾ ದಂಡ್ಯಾಗ ಬೆಳದಾಕಿ. ಅಲ್ಲಿ ಎಮ್ಮಿ ಮುಂಜಾನಿ ಹೊಳಿ ಈಜಿ ಆಚೀಕ್ ಮೇಯಾಕ ಹೋಗ್ತಾವ, ದೀಪ ಹಚ್ಚೂ ಹೊತ್ತಿಗಿ ತಾವಾ ತಿರುಗಿ ಬರ್ತಾವ. ಆಕಿ ಕಂಡದ್ದು ಹಂಗ, ಬುಕ್ಕ ಹೊಲದದ್ದೂ ಹಂಗ. ಆಕಿಗಿ ಬ್ಯಾರೆ ಹೆಂಗ ಹೊಳೀಬೇಕು?"

ಹೌದು. ದನ ದೀಪದ ಹೊತ್ತಿಗೆ ಮನೆಗೆ ಬರುತ್ತವೆ. ಬಾರದ ದನದ ಕಥೆಯನ್ನು ಯಾರಾದರೂ ಮಕ್ಕಳಿಗೆ ಬರೆದಾರೆಂದು ಆಕೆಗೆ ಹೊಳೆದಿರಲಿಕ್ಕಿಲ್ಲ.

ತೆಲಾವಿಯ ದಾರಿ

ತೆಲಾವಿಗೆ ಹೋಗುವ ಸಣ್ಣ ಬಸ್ಸು ತುಂಬುವ ತನಕ ಹೊರಡುವುದಿಲ್ಲ. ಈ ವಿಷಯದಲ್ಲಿ ನಮ್ಮ ಅಫಜಲಪುರದ ಜೀಪುಗಳಿಗೂ ಅದಕ್ಕೂ ಏನೂ ಭೇದವಿಲ್ಲ, ಮೇಲೆ ಜನ ಕೂರುವುದಿಲ್ಲ ಅಷ್ಟೆ. ದಾರಿ ಘಾಟಿನದು. ಚರ್ಚು ಕಂಡಾಗಲೆಲ್ಲ ಬಸ್ಸಿನ ಜನ ಮಾತು ನಿಲ್ಲಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಾರೆ. ಚಾಲಕನೂ ಸ್ಟೇರಿಂಗ್ ಬಿಟ್ಟು ಮಾಡುತ್ತಾನೆ. ಕಾಕಾ ಮೊದಮೊದಲು ನೋಡಿದರು. ಆಮೇಲೆ ನಮ್ಮ ಕಡೆ ಗುಡಿಯೋ ದರ್ಗಾವೋ ಬಂದಾಗ ಮಾಡುವಂತೆ ಎದೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಶುರು ಮಾಡಿದರು. ಪಕ್ಕದ ಅಜ್ಜ ಮೆಚ್ಚಿ ಅವರಿಗೆ ಒಂದು ಸೇಬು ಕೊಟ್ಟ.

ನಡುವೆ ಬಸ್ಸು ನಿಂತಾಗ ರೊಟ್ಟಿ ಕೊಂಡೆವು. ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಒಲೆಯ ಒಳಗೋಡೆಗೆ ಹಿಟ್ಟು ಬಡಿದು ಬೇಯಿಸುತ್ತಾರೆ. ಬಡಿಯುವ ಹೆಂಗಸು ಸೊಂಟದ ತನಕ ಒಲೆಯೊಳಗೆ ಬಾಗುತ್ತಾಳೆ. ಬಿಸಿ ಬಿಸಿ, ರುಚಿಯೂ ಇತ್ತು. ಆದರೂ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನಗೆ ನಿಂಬರ್ಗಾದ ಅಡುಗೆಮನೆಯೇ. ಒಳಗಿಂದ ಆಯಿ ಕರೆಯುತ್ತಾಳೆ ಎಂದು ಒಂದು ಗಳಿಗೆ ಕಾದೆ. ಐವತ್ತು ದಾಟಿದ ವಕೀಲೆ ಪರದೇಶದ ರಸ್ತೆಯ ಬದಿಗೆ ನಿಂತು ಹೀಗೆ ಕಾಯುತ್ತಾಳೆ ಎಂದು ಯಾರಿಗೂ ಹೇಳುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಮತ್ತೆ ಕೂತಾಗ ಬೇರೆ ಚಿಂತೆ ಹತ್ತಿತು. ಸಹಿ ಬೇಕೆಂದು ಹೋಗುತ್ತಿದ್ದೇನೆ ಸರಿ. ತಾನು ಬರೆದ ಕಥೆಯನ್ನು ತಲೆಕೆಳಗು ಮಾಡಿ ಹೊಲಿದ ಪುಸ್ತಕ ಕಂಡು ಆ ಅಜ್ಜಿ ಏನೆಂದಾಳು? ಬಂದ ದಾರಿಗೆ ಸುಂಕವಿಲ್ಲವೆಂದು ಕಳಿಸಿದರೆ?

"ಹೊಸಾ ಬುಕ್ಕ ಮುಂದ ಇಡು," ಕಾಕಾ ಉಪಾಯ ಹೇಳಿದರು. "ನೆಟ್ಟಗ ಅದ ಅದು. ಅದಕ್ಕ ಹಾಕ್ತಾರ ಸಹಿ."

"ನನಗ ಅದು ಬ್ಯಾಡ್ರಿ ಕಾಕಾ."

"ಗೊತ್ತದಬೇ," ಎಂದು ಕಾಕಾ ಸೇಬು ಒರೆಸತೊಡಗಿದರು.

ದ್ರಾಕ್ಷಿ ಚಪ್ಪರದ ಕೆಳಗೆ

ಎಕಾ ಗೇಟಿನಲ್ಲೇ ನಿಂತಿದ್ದರು. ನನ್ನ ವಯಸ್ಸಿನವರು, ಊರ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾರೆ. ಅಂಗಳದ ತುಂಬ ದ್ರಾಕ್ಷಿ ಚಪ್ಪರ, ಅದರ ಕೆಳಗೆ ಊಟದ ಮೇಜು. ಅವರಲ್ಲಿ ಅತಿಥಿ ಕೂತ ಮೇಲೆ ತಟ್ಟೆ ಖಾಲಿಯಾಗಲು ಬಿಡುವುದಿಲ್ಲ. ಈ ರೋಗ ನಮ್ಮ ಕಡೆಯೂ ಇದೆ. ನಾವು ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಚೀಸ್ ತುಂಬಿದ ರೊಟ್ಟಿ, ಬೀನ್ಸ್ ಕಾಳಿನ ಪಲ್ಯ ಇಟ್ಟಿದ್ದರು. ಮನೆಯ ವೈನು ಬೇಡವೆಂದಾಗ ಎಕಾರ ಮುಖ ಬಾಡಿತು, ದ್ರಾಕ್ಷಿ ರಸ ತಂದಿಟ್ಟ ಮೇಲೆ ಅರಳಿತು. ಕಾಕಾ ಬೇಯಿಸದ ಕಾಳು ತರಿಸಿಕೊಂಡು, ಒಂದನ್ನು ಹಲ್ಲಿನಲ್ಲಿ ಕಟ್ ಎನಿಸಿ, "ಮಾಲ್ ಒಣಗ್ಯಾದ, ಚಲೋ ಅದ,"  ಎಂದು ತೀರ್ಪು ಕೊಟ್ಟರು.

ಊಟವಾದ ಮೇಲೆ ಎಕಾ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು. "ಚಳಿಗಾಲದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಸಹಿ ಹಾಕಲಾರರು. ಬರೆದು ತಿಳಿಸಬೇಕಿತ್ತು. ತಿಳಿಸಿದರೆ ನೀವು ಬರಲಿಕ್ಕಿಲ್ಲ ಎಂದು ತಿಳಿಸಲಿಲ್ಲ. ಯಾರೋ ಅಷ್ಟು ದೂರದಿಂದ ತನ್ನ ಪುಸ್ತಕ ಹಿಡಿದು ಬರುತ್ತಾರೆ ಎಂದು ದಿನಾ ಗೇಟು ನೋಡುತ್ತಿದ್ದರು."

ನನಗೆ ಸಿಟ್ಟು ಬರಲಿಲ್ಲ. ಆದರೆ ಬೇರೂರಿದ್ದ ಆಸೆಯನ್ನು ಬೇರು ಸಹಿತ ಕಿತ್ತಂತಾಯಿತು.

ಲಮಾರಾ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಸಣ್ಣ ಜೀವ, ಬಿಳಿ ಕೂದಲು, ಕಣ್ಣು ಮಾತ್ರ ಚುರುಕು. ಕಾಕಾ ಎದ್ದು ನಿಂತು ಕೈ ಮುಗಿದು, "ಶರಣಾರ್ಥಿರೀ ಅವ್ವಾರ," ಎಂದರು. ಅವರು ಎಡಗೈಯನ್ನು ಎದೆಯ ಮೇಲಿಟ್ಟುಕೊಂಡರು.

ನಾನು ಆಯಿಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಎಕಾ ಮೊದಲು ಎತ್ತಿಕೊಂಡು ಹೊಲಿಗೆ ನೋಡಿ ಆಹಾ ಎಂದರು. ತೆರೆದು ನಾಲ್ಕು ಹಾಳೆ ತಿರುವಿದ ಮೇಲೆ ಅವರ ಹುಬ್ಬು ಗಂಟಾಯಿತು.

"ಇದು ತಿರುಗುಮುರುಗಾಗಿದೆ."

"ಹೌದು. ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ."

"ಬಿಚ್ಚಿ ಸರಿಯಾಗಿ ಹೊಲಿದುಕೊಡುತ್ತೇನೆ, ನನ್ನ ಹತ್ತಿರ ಸೂಜಿ ದಾರ ಇದೆ. ಹೀಗೆ ಅತ್ತೆಗೆ ತೋರಿಸಬೇಡಿ." ಅವರ ದನಿ ತಗ್ಗಿತು. "ಅತ್ತೆಯ ಅಪ್ಪ ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಅದಕ್ಕೇ ಅವರ ಕಥೆಯಲ್ಲಿ ಎಮ್ಮೆಯೂ ಬರುವುದಿಲ್ಲ. ಎಮ್ಮೆ ಬರಲಿ ಎಂದು ಅಚ್ಚು ಹಾಕುವವರು ಎಷ್ಟು ಒತ್ತಾಯ ಮಾಡಿದರೂ ಅತ್ತೆ ಒಪ್ಪಲಿಲ್ಲವಂತೆ."

ನಾನು ಪುಸ್ತಕ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಲಮಾರಾ ಎಡಗೈಯಿಂದ ಮೇಜು ಬಡಿದರು. ಇಲ್ಲಿ ಕೊಡಿ ಎಂಬ ಸನ್ನೆ. ಎಕಾ ನನ್ನನ್ನು ನೋಡಿದರು, ನಾನು ಕಾಕಾರನ್ನು ನೋಡಿದೆ.

"ಓದಬೇ ಶರಣೂ," ಎಂದು ಕಾಕಾ ನನ್ನ ಹೆಸರು ಹಿಡಿದು ಹೇಳಿದರು. "ಆಯಿ ಮುಂದ ಓದಿದಂಗ ಓದು."

ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು ಪುಸ್ತಕ ಅವರ ತೊಡೆಯ ಮೇಲೆ ತೆರೆದೆ. 'ಹೊಳೆ ತುಂಬಿತ್ತು. ಎಮ್ಮೆ ಆಚೆ ದಡದಲ್ಲಿತ್ತು. ನೀನಾ ಈಚೆ ದಡದಲ್ಲಿದ್ದಳು.' ಕನ್ನಡ ಅವರಿಗೆ ಎಲ್ಲಿಂದ ತಿಳಿಯಬೇಕು? ಆದರೆ ಚಿತ್ರ ಅವರದೇ. ನೋಡಿದ ಕೂಡಲೇ ನನ್ನ ಮುಖ ನೋಡಿದರು. ಇದು ಕೊನೆಯಲ್ಲವೇ ಎಂದು ಆ ಕಣ್ಣು ಕೇಳಿತು. ನಾನು ಹಾಳೆ ತಿರುವಿದೆ. ಮುಂದಿನ ಸಾಲು ಓದಿ ನಿಲ್ಲಿಸಿದೆ. ನಿಲ್ಲಿಸುವುದು ಅಭ್ಯಾಸ, ಹೂಂ ಬರಲಿ ಎಂದು ನಿಲ್ಲಿಸುವುದು.

"ಹೂಂ," ಎಂದರು ಲಮಾರಾ.

ಮಾತು ಹೋದವರ ಗಂಟಲಿನಿಂದ ಬಂದ ಸದ್ದು, ಅಷ್ಟೇ ಎಂದು ನನಗೂ ಗೊತ್ತು. ಆದರೆ ಮುಂದಿನ ಸಾಲಿಗೂ ಬಂತು, ಅದರ ಮುಂದಿನದಕ್ಕೂ ಬಂತು. ಆಯಿ ಹೋದಂದಿನಿಂದ ನಾನು ಓದಿದ್ದಕ್ಕೆ ಯಾರೂ ಹೂಂ ಎಂದಿರಲಿಲ್ಲ. ಅಕ್ಷರ ಕಣ್ಣಿಗೆ ಕಾಣದಾದವು. ಕಾಣಬೇಕಾಗಿಯೂ ಇರಲಿಲ್ಲ, ಬಾಯಿಪಾಠವೇ ಇತ್ತು. ನೀನಾ ಜೊಂಡಿನಲ್ಲಿ ಹುಡುಕಿದಳು. ಹೂಂ. ಬೀಸುವ ಕಲ್ಲಿನ ಮನೆಯಲ್ಲಿ ಕೇಳಿದಳು. ಹೂಂ. ಹೊತ್ತು ಇಳಿಯಿತು, ದಾರಿಯ ಧೂಳಿನಲ್ಲಿ ಗೊರಸಿನ ಗುರುತು. ಹೂಂ. 'ದೀಪ ಹಚ್ಚಿದರು. ಎಮ್ಮೆ ಕೊಟ್ಟಿಗೆಯಲ್ಲಿತ್ತು. ನೀನಾ ಅದರ ಕೊರಳು ತಬ್ಬಿ ಮಲಗಿದಳು.'

ಈ ಸಲ ಹೂಂ ಬರಲಿಲ್ಲ. ಲಮಾರಾ ಆ ಹಾಳೆಯನ್ನು ಎಡಗೈಯಿಂದ ತಿರುವಿದರು. ಮುಂದೆ ಬಟ್ಟೆ ಮಾತ್ರ. ಬಟ್ಟೆಯ ಮೇಲೆ ಕೈಯಾಡಿಸಿದರು, ಮೂಲೆಯ ಕಾಳು ಬೆರಳಿಗೆ ಸಿಕ್ಕವು, ಒಂದೊಂದಾಗಿ ಮುಟ್ಟಿದರು. ಮತ್ತೆ ದೀಪದ ಹಾಳೆಗೆ ಬಂದರು. ಎಷ್ಟೋ ಹೊತ್ತು ನೋಡಿದರು. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಎಕಾ ಅವರ ಭುಜ ಹಿಡಿದು ನಿಂತಿದ್ದರು. ಕಾಕಾ ಚಪ್ಪರ ನೋಡುತ್ತ ಕೂತುಬಿಟ್ಟರು.

ಆಮೇಲೆ ಲಮಾರಾ ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿದರು. ಎಕಾ ಪೆನ್ನು ತಂದು ಬಲಗೈಗೆ ಕೊಟ್ಟರು. ಬೆರಳು ಮಡಚಲಿಲ್ಲ, ಪೆನ್ನು ಕೆಳಗೆ ಬಿತ್ತು. ಎಡಗೈಗೆ ಕೊಟ್ಟರು. ಅವರು ಹಾಳೆಯ ಹತ್ತಿರ ಒಯ್ದು ನಿಲ್ಲಿಸಿದರು. ಚಿತ್ರ ಬರೆದ ಹಾಳೆಯ ಮೇಲೆ ಅಡ್ಡಾದಿಡ್ಡಿ ಗೀಚಲು ಅವರ ಮನಸ್ಸು ಒಪ್ಪಲಿಲ್ಲವೆಂದು ಕಾಣುತ್ತದೆ. ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

ಆಗ ನೆನಪಾಯಿತು. ಕೈಚೀಲದಲ್ಲಿ ಕೈ ಹಾಕಿ ಸ್ಟಾಂಪ್ ಪ್ಯಾಡು ತೆಗೆದೆ. ಜೇವರ್ಗಿಯಲ್ಲಿ ದಿನಾ ಮಾಡುವ ಕೆಲಸ ಇದು. ಹೆಬ್ಬೆಟ್ಟನ್ನು ಹೇಗೆ ಹಿಡಿಯಬೇಕು, ಎಷ್ಟು ಹೊರಳಿಸಬೇಕು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಕೋರ್ಟಿಗೆ ಎಡಗೈ ಹೆಬ್ಬೆಟ್ಟೇ ಬೇಕು. ನನ್ನ ಹೆಬ್ಬೆರಳು ಎತ್ತಿ ತೋರಿಸಿದೆ. ಲಮಾರಾ ತಕ್ಷಣ ತಿಳಿದುಕೊಂಡರು. ನಕ್ಕರು ಕೂಡ, ಮುಖದ ಅರ್ಧ ಭಾಗದಲ್ಲಿ. ಪುಸ್ತಕದ ಸಹಿ ಹೆಸರಿರುವ ಮೊದಲ ಹಾಳೆಯಲ್ಲಿರಬೇಕೆಂಬುದು ನಮ್ಮ ಸಂಗ್ರಾಹಕರ ನಿಯಮ. ಆ ಹಾಳೆ ಕರುವಿನ ಪಾಲಾಗಿತ್ತು. ಅವರೇ ಜಾಗ ಆರಿಸಿದರು. ಕೊಟ್ಟಿಗೆಯ ದೀಪದ ಕೆಳಗೆ, ಕೊನೆಯ ಹಾಳೆಯಲ್ಲಿ, ಹೆಬ್ಬೆರಳು ಒತ್ತಿದರು.

ಹೆಬ್ಬೆಟ್ಟಿಗೆ ಪಕ್ಕದ ಬರಹ ಬೇಕು, ಇಲ್ಲದಿದ್ದರೆ ಯಾರದೆಂದು ಯಾರಿಗೆ ಗೊತ್ತು? ಪೆನ್ನು ಎತ್ತಿಕೊಂಡು ನಾನು ಎಂದಿನ ಮಾತನ್ನೇ ಬರೆದೆ. 'ಇದು ಲಮಾರಾ ಅವರ ಎಡಗೈ ಹೆಬ್ಬೆಟ್ಟಿನ ಗುರುತು. ಓದಿ ಹೇಳಲಾಗಿ, ಕೇಳಿ, ಸರಿಯೆಂದು ಒಪ್ಪಿ ಹಾಕಿದ್ದು.' ಎಷ್ಟು ಕಾಗದಗಳ ಮೇಲೆ ಬರೆದ ಸಾಲು ಅದು. ಎಕಾರಿಗೆ ಅರ್ಥ ಹೇಳಿದೆ. ಅವರು ಅತ್ತೆಯ ಕಿವಿಯಲ್ಲಿ ಹೇಳಿದರು. ಲಮಾರಾ, "ಹೂಂ," ಎಂದರು.

ಕೆಳಗೆ ಸಾಕ್ಷಿ ಒಂದು, ಸಾಕ್ಷಿ ಎರಡು ಎಂದು ಬರೆದೆ. ಮೊದಲನೆಯದಕ್ಕೆ ಎಕಾ ತಮ್ಮ ಲಿಪಿಯಲ್ಲಿ ಸಹಿ ಹಾಕಿದರು. ಪೆನ್ನನ್ನು ಕಾಕಾರತ್ತ ಚಾಚಿದೆ. ಅವರು ಮುಟ್ಟಲಿಲ್ಲ.

"ಆ ಜಾಗಾ ಖಾಲಿ ಬಿಡಬೇ," ಎಂದರು. "ಅದು ನಮ್ಮವ್ವಂದು."

ಅಲಾಝಾನಿ ದಂಡೆ

ಮರುದಿನ ಎಕಾ ನಮ್ಮನ್ನು ಅಲಾಝಾನಿ ಹೊಳೆಗೆ ಕರೆದುಕೊಂಡು ಹೋದರು. ಪುಸ್ತಕದ ಹೊಳೆ ಅದೇ. ಆಚೆ ದಡ, ಜೊಂಡು, ದೂರದಲ್ಲಿ ಹಿಮದ ಬೆಟ್ಟ, ಎಲ್ಲ ಚಿತ್ರದಲ್ಲಿದ್ದ ಹಾಗೇ ಇದ್ದವು.

"ಎಮ್ಮಿ ಎಲ್ಯದಾವಂತ ಕೇಳು," ಎಂದರು ಕಾಕಾ.

ಕೇಳಿದೆ. "ಈಗ ನಮ್ಮೂರಲ್ಲಿ ಯಾರೂ ಸಾಕುವುದಿಲ್ಲ," ಎಂದರು ಎಕಾ.

ಕಾಕಾ ದಂಡೆಗೆ ಇಳಿದು, ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಭೀಮಾ ಹೊಳೆಗೂ ಹಾಗೇ ಮಾಡುತ್ತಾರೆ. ನಾನು ಸುಮ್ಮನೆ ಆಚೆ ದಡ ನೋಡುತ್ತ ನಿಂತೆ. ಅಲ್ಲಿ ಏನೂ ಇರಲಿಲ್ಲ. ಆದರೂ ಹೊರಡಲು ಮನಸ್ಸಾಗಲಿಲ್ಲ. ಎಕಾ ಎರಡು ಸಲ ಕರೆದರು.

ಮತ್ತೆ ಜೇವರ್ಗಿ

ಪುಸ್ತಕ ಈಗ ಗಾಜಿನ ಕಪಾಟಿನ ನಡುವೆ ಇದೆ. ನೆಟ್ಟಗಿನ ಪ್ರತಿಯನ್ನು ಲಮಾರಾ ಅವರ ಮನೆಯಲ್ಲೇ ಬಿಟ್ಟು ಬಂದೆ, ಅದು ಅವರದು. ಈಚೆಗೆ ಎಕಾ ಬರೆದಿದ್ದರು. ಅತ್ತೆ ಸಂಜೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ತಿರುವುತ್ತಾರಂತೆ.

ಮೊನ್ನೆ ನಮ್ಮ ಕೋರ್ಟಿನ ಹಿರಿಯ ವಕೀಲರೊಬ್ಬರು ಮನೆಗೆ ಬಂದಿದ್ದರು. ಚಹಾ ತರುವಷ್ಟರಲ್ಲಿ ಕಪಾಟು ತೆರೆದು ಪುಸ್ತಕ ಹಿಡಿದು ಕೂತಿದ್ದರು. ಕೊನೆಯ ಹಾಳೆಯ ಹೆಬ್ಬೆಟ್ಟನ್ನೂ ಬರಹವನ್ನೂ ಕನ್ನಡಕ ಏರಿಸಿ ಓದಿದರು. ವಕೀಲರ ಕಣ್ಣು, ಮೊದಲು ಕೊರತೆಯ ಮೇಲೇ ಬೀಳುತ್ತದೆ.

"ಎಲ್ಲಾ ಬರೋಬ್ಬರಿ ಅದರಿ ಮೇಡಂ, ಎರಡನೇ ಸಾಕ್ಷಿ ಸಹಿ ಇಲ್ಲ. ಕೋರ್ಟಿನ್ಯಾಗ ನಿಲ್ಲೂದಿಲ್ಲರಿ ಇದು."

"ಹೌದ್ರಿ."

"ಎಲ್ಲಿ ಅದಾರ್ರಿ ಅವರು?"

"ಹೊಳಿ ಆಚಿ ಅದಾರ್ರಿ," ಎಂದೆ. "ದೀಪ ಹಚ್ಚೂ ಹೊತ್ತಿಗಿ ಬರ್ತಾರ."